ಅಣ್ಣನ ಹಲ್ಲು, ತಂಗಿಯ ಹಲ್ಲು

ಕಾಮಾಕ್ಷಿಪಾಳ್ಯದ ಮುನಿರಾಮಯ್ಯನ ಮಗಳು ಮುನಿಲಕ್ಷ್ಮಿ ಭಾನುವಾರದಿಂದ ಕೆನ್ನೆಗೆ ಟವೆಲ್ ಕಟ್ಟಿಕೊಂಡು ಕೂತಿದ್ದಳು. ಎಡಗಡೆಯ ಕೆಳದವಡೆಯ ಹಲ್ಲು ಹುಳುಕಾಗಿ ಕೆನ್ನೆ ಊದಿಕೊಂಡಿತ್ತು. ಲವಂಗ ಇಟ್ಟಿದ್ದಾಯಿತು, ಉಪ್ಪುನೀರು ಮುಕ್ಕಳಿಸಿದ್ದಾಯಿತು, ಯಾರೋ ಹೇಳಿದರೆಂದು ಯಾವುದೋ ಎಲೆಯ ರಸವನ್ನೂ ಹಿಂಡಿದ್ದಾಯಿತು. ಎಲೆಯ ರಸಕ್ಕೆ ನಾಲಿಗೆ ಹಸಿರಾಯಿತೇ ಹೊರತು ಊತ ಇಳಿಯಲಿಲ್ಲ.

ಹುಡುಗಿಗೆ ಹದಿನೇಳು ವಯಸ್ಸು. ಮಾಗಡಿ ರಸ್ತೆಯ ಬಟ್ಟೆ ಕಾರ್ಖಾನೆಯೊಂದರಲ್ಲಿ ಹೊಲಿಗೆ ಕಲಿಯುತ್ತಿದ್ದಳು. ಬಲಗಡೆಯ ಇಂಥದೇ ಹಲ್ಲನ್ನು ಹಿಂದೆಯೇ ಕೀಳಿಸಿ ಆಗಿತ್ತು. ಆ ಕಡೆ ಅಗಿಯಲು ಹೋದರೆ ಕಾಳು ಖಾಲಿ ಜಾಗಕ್ಕೆ ಜಾರಿ ವಸಡಿಗೆ ಚುಚ್ಚುತ್ತಿತ್ತು. ಹಾಗಾಗಿ ಎಲ್ಲವನ್ನೂ ಎಡಗಡೆಯೇ ಅಗಿಯುತ್ತಿದ್ದಳು. ಈಗ ಎಡಗಡೆಯದೂ ಹೋದರೆ ಎರಡೂ ಕಡೆ ಖಾಲಿ.

ತಾಯಿ ಇಂದ್ರಮ್ಮ ಅವಳನ್ನು ಮಾರ್ಕೆಟ್ ಬಸ್ಸು ಹತ್ತಿಸಿ ದೊಡ್ಡ ಹಲ್ಲಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿಯ ಡಾಕ್ಟರು ಊತಕ್ಕೆ ಮಾತ್ರೆ ಕೊಟ್ಟು, ಹುಳುಕು ಹಲ್ಲು ಉಳಿಯುವುದಿಲ್ಲ, ಕೀಳಲೇಬೇಕು ಎಂದರು. ಆದರೆ ಅದೇ ದವಡೆಯ ಹಿಂದುಗಡೆ, ಇನ್ನೂ ವಸಡಿನೊಳಗೇ ಇರುವ ಬುದ್ಧಿಹಲ್ಲನ್ನು ತೆಗೆದು ಆ ಖಾಲಿ ಜಾಗದಲ್ಲಿ ನೆಡಬಹುದು ಎಂದೂ ಹೇಳಿದರು. ಅದಕ್ಕೆ ಹುಡುಗಿಯ ತಂದೆಯೂ ಬಂದು ಒಪ್ಪಬೇಕು ಎಂದರು.

ಸಂಜೆ ಮುನಿರಾಮಯ್ಯ ಲೇಥ್ ಶಾಪಿನಿಂದ ಬಂದು ಕೈ ತೊಳೆಯುತ್ತಿದ್ದಾಗ ಇಂದ್ರಮ್ಮ ವಿಷಯ ಹೇಳಿದಳು. ಅವನು ಪೂರ್ತಿ ಕೇಳಲೇ ಇಲ್ಲ.

"ಬೇಡ. ಕಿತ್ತುಬಿಡ್ಲಿ. ನೆಡೋದು ಗಿಡೋದು ಏನೂ ಬೇಡ."

"ಎರಡೂ ಕಡೆ ಇಲ್ದಿದ್ರೆ ಹುಡುಗಿ ಏನ್ ತಿನ್ನಬೇಕು?"

"ಮುದ್ದೆ ನುಂಗೋದಕ್ಕೆ ಹಲ್ಲು ಯಾಕೆ?"

ಒಳಗಿನಿಂದ ಮುನಿಲಕ್ಷ್ಮಿ ಟವೆಲ್ಲಿನ ಮರೆಯಲ್ಲೇ ಕೂಗಿದಳು. "ಮುದ್ದೆ ನುಂಗ್ತೀನಿ. ಸಾರಲ್ಲಿರೋ ಅವರೆಕಾಳು, ಮೂಳೆ ಎಲ್ಲ ನೀನು ಅಗಿದು ಕೊಡ್ತೀಯಾ?"

ಮುನಿರಾಮಯ್ಯ ಮೂಲೆಯಲ್ಲಿ ಕೂತಿದ್ದ ಮಗ ಅಂಜಿನಯ್ಯನ ಕಡೆ ಕೈ ತೋರಿಸಿದ. "ಅವನ ಬಾಯಿ ನೋಡು. ಆಮೇಲೆ ಮಾತಾಡು."

ಅವನ ಕೋಪಕ್ಕೆ ಕಾರಣವಿತ್ತು. ಐದು ವರ್ಷದ ಹಿಂದೆ, ಎಪ್ಪತ್ತೆರಡರಲ್ಲಿ, ಅಂಜಿನಯ್ಯನಿಗೆ ಹದಿನೆಂಟಾಗಿದ್ದಾಗ, ಅದೇ ಆಸ್ಪತ್ರೆಯಲ್ಲಿ ಅವನಿಗೂ ಹೀಗೇ ಬುದ್ಧಿಹಲ್ಲು ತೆಗೆದು, ಕಿತ್ತ ದವಡೆಹಲ್ಲಿನ ಜಾಗಕ್ಕೆ ನೆಟ್ಟಿದ್ದರು. ವಠಾರವೆಲ್ಲ ಬಂದು ಅವನ ಬಾಯಿ ತೆರೆಸಿ ನೋಡಿ ಹೋಗಿತ್ತು. ಆ ಹಲ್ಲನ್ನು ಮುನಿರಾಮಯ್ಯ ಜೋಪಾನ ಮಾಡಿದಷ್ಟು ತನ್ನ ಲೇಥನ್ನೂ ಮಾಡಿರಲಿಲ್ಲ. ನೆಟ್ಟ ಹಲ್ಲನ್ನು ಪಕ್ಕದ ಹಲ್ಲುಗಳಿಗೆ ತಂತಿಯಿಂದ ಬಿಗಿದು, ಕೆಲವು ವಾರ ಬಿಟ್ಟು ಬನ್ನಿ, ಬಿಚ್ಚುತ್ತೇವೆ ಎಂದಿದ್ದರು. ಇಡೀ ಆಯುಷ್ಯ ಕಬ್ಬಿಣದ ಜೊತೆ ಕಳೆದವನು ಅವನು. ಜೋಡಣೆ ಗಟ್ಟಿಯಾಗಬೇಕಾದರೆ ಬಿಗಿಹಿಡಿದ ಕ್ಲಾಂಪನ್ನು ಬೇಗ ಬಿಚ್ಚಬಾರದು ಎಂಬುದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದಸರಾಕ್ಕೆ ಮುಂಚೆ ಕಟ್ಟಿದ ತಂತಿಯನ್ನು ಯುಗಾದಿ ಕಳೆಯುವವರೆಗೆ ಬಿಚ್ಚಿಸಲಿಲ್ಲ. ಆಮೇಲೂ ಮಗನಿಗೆ, "ಆ ಕಡೆ ಅಗೀಬೇಡ ಕಣೋ, ಹೊಸ ಹಲ್ಲು," ಎಂದ. ಹಲ್ಲುಪುಡಿ ಹಾಕಿ ಉಜ್ಜುವಾಗಲೂ, "ಅದೊಂದು ಬಿಟ್ಟು ಉಜ್ಜು, ಅಲ್ಲಾಡೀತು," ಎಂದ. ಮಗ ತಂದೆಯ ಮಾತು ಮೀರಲಿಲ್ಲ. ಬಿಡದೆ ಹೇಳುವ ತಂದೆಯ ಮಾತನ್ನು ಕೇಳಿಬಿಡುವುದೇ ಸುಲಭ.

ಹಲ್ಲು ಮಾತ್ರ ಕಲ್ಲಿನಂತೆ ನಿಂತಿತು. ಮನೆಗೆ ನೆಂಟರು ಬಂದರೆ ಮುನಿರಾಮಯ್ಯ ಮಗನನ್ನು ಕರೆದು ಬಾಯಿ ತೆರೆಸಿ ಚಮಚದ ಹಿಡಿಯಿಂದ ಆ ಹಲ್ಲನ್ನು ತಟ್ಟಿ ತೋರಿಸುತ್ತಿದ್ದ. ಠಣ್ ಎನ್ನುತ್ತಿತ್ತು. ಶಾಪಿನಲ್ಲಿ ಎರಕದ ತುಂಡನ್ನು ಅವನು ಹೀಗೇ ತಟ್ಟಿ ನೋಡುತ್ತಿದ್ದ. ಠಣ್ ಎಂದರೆ ಸರಿಯಾದ ಮಾಲು, ಡೊಬ್ ಎಂದರೆ ಒಳಗೆ ಬಿರುಕು. ಮಗನ ಹಲ್ಲು ಐದು ವರ್ಷವೂ ಠಣ್ ಎಂದೇ ಹೇಳಿತ್ತು. ನೋವೂ ಇರಲಿಲ್ಲ. ನೋವಿಲ್ಲದ ಮೇಲೆ ಆಸ್ಪತ್ರೆಗೆ ಯಾಕೆ ಹೋಗುವುದು ಎಂದು ತೋರಿಸಲು ಕರೆದುಕೊಂಡೂ ಹೋಗಲಿಲ್ಲ.

ಆದರೆ ಈ ವರ್ಷ ಗಣೇಶನ ಹಬ್ಬದ ಹೊತ್ತಿಗೆ ಆ ಹಲ್ಲಿನ ಸುತ್ತಲಿನ ವಸಡು ಕೆಂಪಾಯಿತು. ಉಗುಳಿದರೆ ರಕ್ತ. ಬಾಯಿ ವಾಸನೆ. ಅಂಜಿನಯ್ಯ ಜೊತೆಯ ಕೆಲಸಗಾರರ ಎದುರು ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡತೊಡಗಿದ. ಇಷ್ಟು ಜೋಪಾನ ಮಾಡಿಯೂ ಕೆಟ್ಟಿತೆಂದರೆ ಹಲ್ಲು ನೆಡುವ ಕೆಲಸವೇ ಸುಳ್ಳು ಎಂದು ಮುನಿರಾಮಯ್ಯ ತೀರ್ಮಾನಿಸಿದ. ಹಲ್ಲು ಗಟ್ಟಿ, ಮೈ ಒಪ್ಪಲಿಲ್ಲ, ಅಷ್ಟೇ.

ಮಾರನೇ ದಿನ ಬೆಳಿಗ್ಗೆ ನಲ್ಲಿಯ ಹತ್ತಿರ ಮುನಿರಾಮಯ್ಯ ಇದೇ ಮಾತು ಎತ್ತಿದ. ವಠಾರದ ಮುಂದಿನ ಮನೆಯಲ್ಲಿ ಬಾಡಿಗೆಗಿದ್ದ ಜಗದಾಂಬಾ ಬಸವೇಶ್ವರನಗರದ ಶಾಲೆಯೊಂದರಲ್ಲಿ ಟೀಚರು. ಬಿಂದಿಗೆ ತುಂಬುವವರೆಗೆ ಸುಮ್ಮನೆ ಕೇಳಿಸಿಕೊಂಡರು.

"ನಿಮ್ಮ ಮಗನ ಹಲ್ಲು ಕೆಟ್ಟಿದೆ ಅಂತ ಯಾರು ಹೇಳಿದ್ದು?"

"ಯಾರು ಹೇಳ್ಬೇಕು ಟೀಚರೇ? ರಕ್ತ ಬರ್ತದೆ, ಕಾಣಲ್ವಾ?"

"ಯಾಕೆ ಬರ್ತದೆ?"

"ಮೈಗೆ ಒಗ್ಗಲಿಲ್ಲ."

"ಅದನ್ನ ಹೇಳಿದ್ದು ಯಾರು?"

ಮುನಿರಾಮಯ್ಯನಿಗೆ ಸಿಟ್ಟು ಬಂತು. "ನೀವು ಮಕ್ಕಳನ್ನ ಕೇಳ್ದಂಗೆ ಕೇಳ್ಬೇಡಿ."

"ಮಕ್ಕಳಾದ್ರೆ ಗೊತ್ತಿಲ್ಲ ಅಂತಾವೆ. ನೀವು ಅದನ್ನೂ ಅನ್ನಲ್ಲ." ಜಗದಾಂಬಾ ಬಿಂದಿಗೆ ಎತ್ತಿಕೊಂಡರು. "ನಿಮ್ಮ ಲೇಥ್ ಕೆಟ್ಟರೆ ನನ್ನ ಹತ್ರ ರಿಪೇರಿ ಕೇಳ್ತೀರಾ? ಇಬ್ಬರನ್ನೂ ಆ ಡಾಕ್ಟರ ಹತ್ರ ಕರ್ಕೊಂಡು ಹೋಗಿ. ಮಗನದು ಯಾಕೆ ಹಿಂಗಾಯ್ತು ಅಂತ ಮೊದಲು ಕೇಳಿ. ಬೈಯೋದಿದ್ರೆ ಅಲ್ಲೇ ಬೈದು ಬನ್ನಿ. ಮಗಳದು ಆಮೇಲೆ ತೀರ್ಮಾನ ಮಾಡಿ."

ಬೈದು ಬರಬಹುದು ಎಂಬ ಮಾತು ಮುನಿರಾಮಯ್ಯನಿಗೆ ಹಿಡಿಸಿತು. ಊತ ಇಳಿದ ಮೇಲೆ ಒಂದು ದಿನ ರಜೆ ಹಾಕಿದ.

ಆಸ್ಪತ್ರೆಯಲ್ಲಿ ಅವತ್ತು ಡಾಕ್ಟರ್ ಅಲಮೇಲು ಅವರ ಡ್ಯೂಟಿ. ಕನ್ನಡಕ ಹಾಕಿದ, ಗಟ್ಟಿ ದನಿಯ ಹೆಂಗಸು. ಮೊದಲು ಅಂಜಿನಯ್ಯನನ್ನು ಕುರ್ಚಿಯ ಮೇಲೆ ಕೂರಿಸಿದರು. ಬಾಯಿಗೆ ದೀಪ ತಿರುಗಿಸಿ ಕನ್ನಡಿ ಇಟ್ಟು ನೋಡಿದರು.

"ಇಲ್ಲಿ ಉಜ್ಜಲ್ವೇನಪ್ಪಾ ನೀನು?"

"ಇಲ್ಲ ಮೇಡಂ."

"ಯಾಕೆ?"

ಅಂಜಿನಯ್ಯ ತಂದೆಯ ಕಡೆ ನೋಡಿದ. ಮುನಿರಾಮಯ್ಯನೇ ಹೇಳಿದ. "ನಾನೇ ಬೇಡ ಅಂದಿದ್ದೆ ಮೇಡಂ. ಅಲ್ಲಾಡತ್ತೆ ಅಂತ."

"ಐದು ವರ್ಷದಿಂದ?"

"ಹೂಂ."

"ಯಾವ ಹಲ್ಲನ್ನ ಐದು ವರ್ಷ ಉಜ್ಜದೆ ಬಿಟ್ರೂ ವಸಡು ಹಿಂಗೇ ಆಗತ್ತೆ. ನೆಟ್ಟ ಹಲ್ಲಾದ್ರೂ ಅಷ್ಟೇ, ಹುಟ್ಟಿದ ಹಲ್ಲಾದ್ರೂ ಅಷ್ಟೇ. ಮೈಗೆ ಒಗ್ಗಲಿಲ್ಲ ಅಂತೇನಲ್ಲ. ಅವನದೇ ಹಲ್ಲು ಅದು. ಕ್ಲೀನ್ ಮಾಡ್ತೀನಿ, ಇವತ್ತಿಂದ ಮೆತ್ತಗಿನ ಬ್ರಷ್ಷಲ್ಲಿ ಉಜ್ಜಲಿ, ರಕ್ತ ನಿಲ್ಲತ್ತೆ." ಆಮೇಲೆ ತಡೆದು ಕೇಳಿದರು. "ತಂತಿ ಯಾವಾಗ ಬಿಚ್ಚಿಸಿದ್ರಿ?"

"ಯುಗಾದಿ ಆದ್ಮೇಲೆ."

"ಹಾಕಿದ್ದು?"

"ದಸರಾಕ್ಕೆ ಮುಂಚೆ."

ಅಲಮೇಲು ಕನ್ನಡಿಯನ್ನು ತಿರುಗಿಸಿ ಹಿಡಿದು ಅದರ ಹಿಡಿಯಿಂದ ನೆಟ್ಟ ಹಲ್ಲನ್ನು ತಟ್ಟಿದರು. ಠಣ್ ಎಂದಿತು. ಮುನಿರಾಮಯ್ಯನ ಮುಖ ಅರಳಿತು.

"ಕೇಳಿಸ್ತಾ?"

"ಕೇಳಿಸ್ತು ಮೇಡಂ. ಹಲ್ಲು ಮಾತ್ರ ಫಸ್ಟ್ ಕ್ಲಾಸಾಗಿ ನಿಂತಿದೆ. ಒಂಚೂರೂ ಅಲ್ಲಾಡಲ್ಲ."

ಅವರು ಪಕ್ಕದ ಹಲ್ಲನ್ನು ತಟ್ಟಿದರು. ಡೊಬ್ ಎಂಬ ಮಂದ ಸದ್ದು. ಇನ್ನೊಂದನ್ನು ತಟ್ಟಿದರು. ಅದೂ ಡೊಬ್.

"ಅವೆರಡು ಬಿರುಕು ಬಿಟ್ಟಿರಬೇಕು," ಎಂದ ಮುನಿರಾಮಯ್ಯ.

ಅಲಮೇಲು ನಗಲಿಲ್ಲ. "ಅವೆರಡೇ ಸರಿಯಾಗಿರೋದು. ಠಣ್ ಅನ್ನೋದೇ ಕೆಟ್ಟಿರೋದು."

ಅವರು ಕುರ್ಚಿ ಎಳೆದುಕೊಂಡು ಕೂತು ಹೇಳಿದರು.

"ನೋಡಿ, ಹಲ್ಲಿನ ಬೇರಿಗೂ ಮೂಳೆಗೂ ಮಧ್ಯ ತೆಳ್ಳಗೆ ಒಂದು ಪೊರೆ ಇರತ್ತೆ, ಮೆತ್ತೆ ಥರ. ಅಗಿದಾಗ ಹಲ್ಲು ಕೂದಲೆಳೆಯಷ್ಟು ಕೆಳಗೆ ಹೋಗಿ ಬರತ್ತೆ. ಅದಕ್ಕೇ ಸದ್ದು ಮಂದ. ನಿಮ್ಮ ಮಗನ ಹಲ್ಲಲ್ಲಿ ಆ ಮೆತ್ತೆ ಹೋಗಿದೆ. ಬೇರು ಮೂಳೆಗೇ ಅಂಟಿಕೊಂಡಿದೆ."

"ಅಂಟಿಕೊಂಡ್ರೆ ಒಳ್ಳೇದೇ ಅಲ್ವಾ?"

"ಬೋಲ್ಟಿಗೆ ಒಳ್ಳೇದು. ಮೂಳೆ ಅನ್ನೋದು ಯಾವಾಗಲೂ ಸ್ವಲ್ಪ ಕರಗ್ತಾ, ಸ್ವಲ್ಪ ಹೊಸದಾಗಿ ಕಟ್ಕೊಳ್ತಾ ಇರತ್ತೆ. ಅಂಟಿಕೊಂಡ ಬೇರನ್ನೂ ತನ್ನದೇ ಅಂದ್ಕೊಂಡು ಕರಗಿಸಿಬಿಡತ್ತೆ. ನೋವೇ ಇರಲ್ಲ."

ಎಕ್ಸ್‌ರೇ ತೆಗೆಸಿದರು. ಬೆಳಕಿಗೆ ಹಿಡಿದು ತೋರಿಸಿದರು. ಪಕ್ಕದ ಹಲ್ಲುಗಳ ಬೇರಿನ ಸುತ್ತ ತೆಳುವಾದ ಕಪ್ಪು ಗೆರೆಯೊಂದು ಕಾಣುತ್ತಿತ್ತು. ನೆಟ್ಟ ಹಲ್ಲಿನ ಸುತ್ತ ಗೆರೆ ಇರಲಿಲ್ಲ. ಬೇರಿನ ಒಂದು ಅಂಚು ಇಲಿ ಕಡಿದ ಹಾಗೆ ತರಿತರಿಯಾಗಿತ್ತು. ಮುನಿರಾಮಯ್ಯನಿಗೆ ಎಕ್ಸ್‌ರೇ ಓದಲು ಬರುತ್ತಿರಲಿಲ್ಲ. ಆದರೆ ಸವೆದದ್ದು ಸವೆದಂತೆ ಯಾರಿಗಾದರೂ ಕಾಣುತ್ತದೆ.

ಐದು ವರ್ಷ ಅವನು ಬಂದ ನೆಂಟರಿಗೆಲ್ಲ ಚಮಚದಿಂದ ತಟ್ಟಿ ತೋರಿಸಿದ್ದು ರೋಗವನ್ನು.

"ನಾನು ಮಾಡಿದ್ದರಿಂದ ಹಿಂಗಾಯ್ತಾ ಮೇಡಂ?"

"ಎಲ್ಲಾ ನಿಮ್ಮ ಮೇಲೇ ಹಾಕಲ್ಲ. ಹಲ್ಲು ತೆಗೆಯೋವಾಗ ಪೊರೆಗೆ ಏಟು ಬಿದ್ದಿದ್ರೂ ಹಿಂಗಾಗತ್ತೆ. ಅದು ನಮ್ಮ ಕೈಯಲ್ಲಿರೋದು. ಆದ್ರೆ ತಂತಿ ಅಷ್ಟು ತಿಂಗಳು ಬಿಗಿದಿದ್ದು ತಪ್ಪು. ಅಗಿಯೋಕೆ ಬಿಡದೇ ಇದ್ದಿದ್ದು ಇನ್ನೊಂದು ತಪ್ಪು. ಹದವಾಗಿ ಕೆಲಸ ಮಾಡಿದ್ರೇನೇ ಆ ಮೆತ್ತೆ ಬದುಕೋದು. ಮೊದಲನೇ ವರ್ಷ ಬಂದು ತೋರಿಸಿದ್ರೆ ಇದೇ ಸದ್ದಲ್ಲೇ ನಮಗೆ ಗೊತ್ತಾಗ್ತಿತ್ತು."

"ಈಗ ಕೀಳ್ಬೇಕಾ?" ಅಂಜಿನಯ್ಯ ಕೇಳಿದ.

"ಯಾಕೆ? ಇರೋವರೆಗೂ ಇರಲಿ. ಎರಡೂ ಕಡೆ ಅಗಿ. ಇನ್ನೂ ಕೆಲವು ವರ್ಷ ನಡೆಯಬಹುದು. ಯಾವತ್ತೋ ಒಂದಿನ ಹೋಗತ್ತೆ. ಹೋದರೂ ಇಷ್ಟು ವರ್ಷ ಆ ಜಾಗ, ಆ ಮೂಳೆ ಕಾಪಾಡಿಕೊಂಡು ಬಂತಲ್ಲ. ದಂಡ ಅಂತ ಅಂದ್ಕೋಬೇಡ."

ಮುನಿರಾಮಯ್ಯ ಬೈಯಲೆಂದು ಬಂದಿದ್ದ. ಬೈಯಲು ಏನೂ ಉಳಿದಿರಲಿಲ್ಲ. ಮಗಳು ಕುರ್ಚಿ ಏರಿದಳು. ಅಲಮೇಲು ಅವಳ ಎಕ್ಸ್‌ರೇ ತೆಗೆದು ಹಿಡಿದರು. ದವಡೆಯ ಹಿಂದೆ ಬುದ್ಧಿಹಲ್ಲು ಮಲಗಿತ್ತು. ಅದರ ಬೇರು ಪೂರ್ತಿ ಬೆಳೆದಿರಲಿಲ್ಲ. ತುದಿ ಆಲಿಕೆಯ ಬಾಯಿಯ ಹಾಗೆ ತೆರೆದುಕೊಂಡಿತ್ತು.

"ಇದು ಒಳ್ಳೇ ಕಾಲ. ಬೇರಿನ ಬಾಯಿ ತೆರೆದಿರೋದ್ರಿಂದ ಹೊಸ ಜಾಗದಲ್ಲಿ ಅದಕ್ಕೆ ಮತ್ತೆ ರಕ್ತ ಹರಿಯೋಕೆ ದಾರಿ ಇರತ್ತೆ. ಬೇರು ಬೆಳೆಯೋಕೂ ಸಾಧ್ಯ. ಇನ್ನೊಂದೆರಡು ವರ್ಷ ಬಿಟ್ಟರೆ ಬಾಯಿ ಮುಚ್ಚಿಹೋಗತ್ತೆ. ಆಗ್ಲೂ ಮಾಡಬಹುದು, ಆದ್ರೆ ಕಷ್ಟ ಜಾಸ್ತಿ, ಭರವಸೆ ಕಮ್ಮಿ."

"ಗ್ಯಾರಂಟಿ ಕೊಡ್ತೀರಾ?"

"ಇಲ್ಲ."

ಇಷ್ಟು ಚುಟುಕಾದ ಉತ್ತರವನ್ನು ಮುನಿರಾಮಯ್ಯ ನಿರೀಕ್ಷಿಸಿರಲಿಲ್ಲ.

"ಹತ್ತು ವರ್ಷ, ಅದಕ್ಕೂ ಮೀರಿ ಇದ್ದ ಹಲ್ಲುಗಳುಂಟು," ಎಂದರು ಅಲಮೇಲು. "ವರ್ಷ ತುಂಬೋದರೊಳಗೆ ಹೋದವೂ ಉಂಟು. ಎಳೇ ಬೇರು, ಹುಷಾರಾದ ಕೈ, ಆಮೇಲೆ ಕ್ಲೀನಾಗಿಟ್ಕೊಂಡು ಕಾಲಕಾಲಕ್ಕೆ ಬಂದು ತೋರಿಸೋದು, ಇವು ಇದ್ರೆ ಉಳಿಯೋ ಸಾಧ್ಯತೆ ಜಾಸ್ತಿ. ಅದಕ್ಕಿಂತ ಹೆಚ್ಚು ಹೇಳಿದ್ರೆ ಸುಳ್ಳು ಹೇಳಿದಂಗೆ."

ಮುನಿಲಕ್ಷ್ಮಿ ಕುರ್ಚಿಯ ಮೇಲಿಂದಲೇ ಹೇಳಿದಳು. "ಅಪ್ಪಾ, ಮಾಡಿಸೋಣ. ಆದ್ರೆ ಈ ಸಲ ಜೋಪಾನ ನೀನು ಮಾಡ್ಬೇಡ. ನಾನೇ ಮಾಡ್ಕೋತೀನಿ."

ಅಂಜಿನಯ್ಯನಿಗೆ ನಗು ಬಂತು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕ. ಆ ಕೈಯನ್ನು ನೋಡಿ ಮುನಿರಾಮಯ್ಯ ಡಾಕ್ಟರ ಕಡೆ ತಿರುಗಿದ.

"ಯಾವತ್ತು ಬರಬೇಕು ಮೇಡಂ?"

ಕೆಲಸ ಒಂದೇ ಬೆಳಿಗ್ಗೆ ಮುಗಿಯಿತು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಹುಳುಕು ಹಲ್ಲು ಕಿತ್ತು, ಹಿಂದಿನ ಹಲ್ಲನ್ನು ಬೇರಿಗೆ ಕೈ ತಾಗದಂತೆ ತೆಗೆದು ಆ ಜಾಗದಲ್ಲಿ ಕೂರಿಸಿದರು. ಪಕ್ಕದ ಹಲ್ಲಿಗೆ ಸಡಿಲವಾಗಿ ಕಟ್ಟಿದರು. ಮನೆಗೆ ಬಂದಾಗ ಕೆನ್ನೆ ಮತ್ತೆ ಊದಿತ್ತು. ಕೆಲವು ದಿನ ಗಂಜಿ, ಮಜ್ಜಿಗೆ ಅನ್ನ. ಹುಡುಗಿ ಗೊಣಗಿದಳು, ಆದರೆ ಹೇಳಿದ ಹಾಗೆ ನಡೆದುಕೊಂಡಳು. ಕಟ್ಟು ಬಿಚ್ಚಲು ಹೇಳಿದ್ದ ದಿನ ಮುನಿರಾಮಯ್ಯ ಮಗಳಿಗಿಂತ ಮುಂಚೆ ಎದ್ದು ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ.

ಬಿಚ್ಚಿದಾಗ ಹಲ್ಲು ಸ್ವಲ್ಪ ಅಲ್ಲಾಡುತ್ತಿತ್ತು. ಮುನಿರಾಮಯ್ಯ ಮುಂದೆ ಬಗ್ಗಿ ನೋಡಿದ.

"ಅಲ್ಲಾಡ್ತಾ ಇದೆಯಲ್ಲ ಮೇಡಂ."

"ಈಗ ಅಲ್ಲಾಡಬೇಕು. ಬರ್ತಾ ಬರ್ತಾ ನಿಲ್ಲತ್ತೆ," ಎಂದರು ಅಲಮೇಲು. "ಮೆತ್ತಗಿರೋದರಿಂದ ಶುರು ಮಾಡಿ ಆ ಕಡೆ ಅಗಿಯಲಿ."

ಮನೆಯಲ್ಲಿ ಅವರೆಕಾಳಿನ ಕಾಲ. ಇಂದ್ರಮ್ಮ ಹಿತಕಿದ ಬೇಳೆಯ ಸಾರು ಮಾಡಿದಳು. ಮುನಿರಾಮಯ್ಯ ತನ್ನ ತಟ್ಟೆ ಬಿಟ್ಟು ಮಗಳ ದವಡೆಯನ್ನೇ ನೋಡುತ್ತಾ ಕೂತ. "ಆ ಕಡೆ ಅಗಿ. ಬಲಗಡೆ ಅಲ್ಲ, ಆ ಕಡೆ."

"ಹಿಂಗೆ ನೋಡ್ತಾ ಕೂತ್ರೆ ನುಂಗೋದಕ್ಕೂ ಆಗಲ್ಲ ಕಣಪ್ಪಾ."

ಕೆಲವು ವಾರ ಕಳೆದ ಮೇಲೆ ಒಂದು ಸಂಜೆ ಅವನು ಚಮಚ ಹಿಡಿದು ಅವಳ ಹತ್ತಿರ ಬಂದ. ಅವಳು ಚಮಚ ಕಿತ್ತುಕೊಂಡು ಅಮ್ಮನ ಡಬ್ಬಕ್ಕೆ ಹಾಕಿದಳು. "ಅದು ಡಾಕ್ಟರ ಕೆಲಸ."

ಅವಳು ಆ ಹಲ್ಲನ್ನು ಉಳಿದ ಹಲ್ಲುಗಳ ಹಾಗೇ, ಮೆತ್ತಗಿನ ಬ್ರಷ್ಷಿನಿಂದ ಬೆಳಿಗ್ಗೆ ರಾತ್ರಿ ಉಜ್ಜಿದಳು. ಕಾರ್ಖಾನೆಯಲ್ಲಿ ದಾರವನ್ನು ಹಲ್ಲಿನಿಂದ ಕಡಿಯುವ ಚಾಳಿ ಬಿಟ್ಟು ಕತ್ತರಿ ಹಿಡಿದಳು. ಬರಲು ಹೇಳಿದಾಗೆಲ್ಲ ಆಸ್ಪತ್ರೆಗೆ ಹೋದಳು. ಒಂದು ಸಲ ಕಾರ್ಖಾನೆಯ ಮೇಸ್ತ್ರಿ, "ನೋವಿಲ್ಲ, ಏನಿಲ್ಲ, ಯಾಕಮ್ಮಾ ರಜೆ?" ಎಂದು ಗದರಿದ. "ನೋವು ಬಂದ್ಮೇಲೆ ಹೋದ್ರೆ ಅವರು ನೋಡೋಕೆ ಏನಿರತ್ತೆ?" ಎಂದು ಹೊರಟೇಬಿಟ್ಟಳು.

ಎರಡು ವರ್ಷವಾದ ಮೇಲೆ ಮುನಿರಾಮಯ್ಯ ಇಬ್ಬರ ಜೊತೆಗೂ ಹೋದ. ಅಲಮೇಲು ಮುನಿಲಕ್ಷ್ಮಿಯ ಎಕ್ಸ್‌ರೇ ಹಿಡಿದರು. ಆಲಿಕೆಯ ಬಾಯಿಯಂತಿದ್ದ ಬೇರಿನ ತುದಿ ಉದ್ದವಾಗಿ ಬೆಳೆದು ಕೂಡಿಕೊಂಡಿತ್ತು. ಸುತ್ತ ತೆಳುವಾದ ಕಪ್ಪು ಗೆರೆ ಇತ್ತು. ಕನ್ನಡಿಯ ಹಿಡಿಯಿಂದ ಹಲ್ಲನ್ನು ತಟ್ಟಿದರು.

ಡೊಬ್ ಎಂದಿತು.

"ಇನ್ನೊಂದ್ಸಲ ತಟ್ಟಿ ಮೇಡಂ," ಎಂದ ಮುನಿರಾಮಯ್ಯ.

ತಟ್ಟಿದರು. ಡೊಬ್. ಶಾಪಿನಲ್ಲಿ ಆ ಸದ್ದು ಬಂದಾಗೆಲ್ಲ ತುಂಡನ್ನು ಪಕ್ಕಕ್ಕೆ ಎಸೆದವನು ಈಗ ಅದನ್ನೇ ಕಿವಿಗೊಟ್ಟು ಕೇಳುತ್ತಾ ನಿಂತ.

"ಇಲ್ಲಿವರೆಗೂ ಚೆನ್ನಾಗಿದೆ," ಎಂದರು ಅಲಮೇಲು. "ಮುಂದಿನ ವರ್ಷ ಬನ್ನಿ."

ಅಂಜಿನಯ್ಯನ ವಸಡು ವಾಸಿಯಾಗಿತ್ತು. ಅವನು ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಬಿಟ್ಟಿದ್ದ. ಆದರೆ ಎಕ್ಸ್‌ರೇಯಲ್ಲಿ ಅವನ ಹಲ್ಲಿನ ಬೇರು ಇನ್ನೂ ಸ್ವಲ್ಪ ಸವೆದಿತ್ತು. ಅಲಮೇಲು ಅದನ್ನು ಮುಚ್ಚಿಡಲಿಲ್ಲ. ಅವನೂ ಮುಖ ಸಣ್ಣ ಮಾಡಲಿಲ್ಲ. "ಇರೋವರೆಗೂ ಮೂಳೆ ಕಡೀತೀನಿ ಬಿಡಿ," ಎಂದ.

ಈ ಕಥೆ ಓದುತ್ತಿರುವ ಅಥವಾ ಯಾರೋ ಓದಿದ್ದನ್ನು ಕೇಳುತ್ತಿರುವ ನಿಮಗೆ ಹೇಳಬೇಕಾದದ್ದು ಇಷ್ಟು. ಹದಿಹರೆಯದ ಮಗನಿಗೋ ಮಗಳಿಗೋ ದವಡೆಹಲ್ಲು ಕೀಳಬೇಕು ಎಂದಾಗ, ಅವರದೇ ಬುದ್ಧಿಹಲ್ಲನ್ನು ಅಲ್ಲಿ ನೆಡಲು ಆಗುತ್ತದೆಯೇ ಎಂದು ಹಲ್ಲಿನ ಡಾಕ್ಟರನ್ನು ಕೇಳಿ. ಎಲ್ಲರಿಗೂ ಆಗುವುದಿಲ್ಲ. ಆಗುವುದಾದರೆ ತಡಮಾಡಬೇಡಿ, ಬೇರು ಬಲಿಯುವವರೆಗೆ ಕಾಯಬೇಡಿ. ನೆಟ್ಟ ಮೇಲೆ ಕಟ್ಟು ಬಿಚ್ಚುವ ದಿನ ಡಾಕ್ಟರು ಹೇಳಿದ ದಿನವೇ ಹೊರತು ನಿಮಗೆ ಗಟ್ಟಿಯಾಯಿತು ಎನಿಸಿದ ದಿನವಲ್ಲ. ಅವರು ಅಗಿಯಿರಿ ಎಂದ ಮೇಲೆ ಅಗಿಯಿರಿ. ಆ ಹಲ್ಲನ್ನು ಟ್ರಂಕಿನಲ್ಲಿಟ್ಟ ರೇಷ್ಮೆ ಸೀರೆಯಂತೆ ಎತ್ತಿಡಬೇಡಿ, ಉಜ್ಜದೆ ಬಿಡಬೇಡಿ.

ಎಲ್ಲಕ್ಕಿಂತ ಮುಖ್ಯವಾಗಿ, ಮತ್ತೆ ಬನ್ನಿ ಎಂದ ದಿನ ಹೋಗಿ ತೋರಿಸಿ, ಮೊದಲ ವರ್ಷ ಹೆಚ್ಚು ಸಲ, ಆಮೇಲೆ ವರ್ಷ ವರ್ಷ. ನೋವಿಲ್ಲವಲ್ಲ ಎಂದು ಮನೆಯಲ್ಲಿ ಕೂರಬೇಡಿ. ಬೇರು ಕರಗುತ್ತಿದ್ದರೂ ಅಂಜಿನಯ್ಯನ ಹಲ್ಲು ಇವತ್ತಿಗೂ ನೋಯುತ್ತಿಲ್ಲ.